ಪೆಟ್ಟಿಗೆಯೊಳಗಿನ ಪಹಣಿ

(ಹುಲೇಕಲ್‌ನಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಪರಿಸರದ ಸಭೆಯಲ್ಲಿ ರೂಟರಿನ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಕಾರಣ ಸರಳವಾದುದು. ಮುಂಗಾರಿಗೆ ಮೊದಲಿನ ಗುಡುಗು ಸಿಡಿಲಿನ ಕಾಲ ಮುಗಿಯುವ ಹೊತ್ತಿಗೆ ನಮ್ಮ ಸೀಮೆಯ ಮನೆಗಳಲ್ಲಿ ಕೆಟ್ಟ ರೂಟರುಗಳು ಅಟ್ಟ ಸೇರುತ್ತವೆ. ಆಮೇಲೆ ಕೆಲವು ಗುಜರಿಗೆ, ಕೆಲವು ಹಳ್ಳದ ದಂಡೆಗೆ. ಇವೆಲ್ಲವೂ ಪೂರ್ಣ ಸತ್ತವುಗಳಲ್ಲ. ಹಲವದರಲ್ಲಿ ತಂತಿ ಸಿಕ್ಕಿಸುವ ಒಂದು ಕಿಂಡಿಯಷ್ಟೇ ಸುಟ್ಟಿರುತ್ತದೆ. ಮತ್ತೆ ಕೆಲವು ಕೆಟ್ಟೇ ಇರುವುದಿಲ್ಲ. ತಯಾರಕರು ಅವುಗಳ ತಂತ್ರಾಂಶವನ್ನು ನವೀಕರಿಸುವುದನ್ನು ನಿಲ್ಲಿಸಿರುತ್ತಾರೆ. ಇಂಥ ಪೆಟ್ಟಿಗೆ ಮತ್ತೆ ದುಡಿಯಬಲ್ಲುದೇ, ಕಸವಾಗುವುದೇ ಎಂಬುದು ಬಹುಮಟ್ಟಿಗೆ ಒಂದು ಚಿಕ್ಕ ದಾಖಲೆಯ ಮೇಲೆ ನಿಂತಿದೆ. ಆ ದಾಖಲೆಯ ಪರಿಚಯವೇ ಇಂದಿನ ನನ್ನ ವಿಷಯ.

ಹೇಳಿಕೊಳ್ಳಲಾರದ ಭಾಗಗಳು

ರೂಟರು ಎಂಬುದು ಒಂದು ಪುಟ್ಟ ಗಣಕಯಂತ್ರ. ಅದರಲ್ಲಿ ಸಂಸ್ಕಾರಕ, ಸ್ಮೃತಿಕೋಶ, ರೇಡಿಯೊ, ತಂತಿಯ ಕಿಂಡಿಗಳನ್ನು ನಡೆಸುವ ಸ್ವಿಚ್ಚು ಎಲ್ಲವೂ ಇವೆ. ಇವನ್ನೆಲ್ಲ ದುಡಿಸುವ ಮೂಲ ತಂತ್ರಾಂಶಕ್ಕೆ ಕರ್ನಲ್ ಎಂದು ಹೆಸರು. ಅನೇಕ ರೂಟರುಗಳಲ್ಲಿ ಇರುವುದು ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನಲ್.

ಮೇಜಿನ ಮೇಲಿನ ಗಣಕಕ್ಕೆ ನೀವು ಯುಎಸ್‌ಬಿ ಕಡ್ಡಿಯನ್ನು ಚುಚ್ಚಿದಾಗ ಅದು ತನ್ನ ತಯಾರಕನ ಸಂಖ್ಯೆಯನ್ನೂ ತನ್ನ ಬಗೆಯನ್ನೂ ತಾನೇ ಹೇಳಿಕೊಳ್ಳುತ್ತದೆ. ಆದರೆ ರೂಟರಿನ ಮುಖ್ಯ ಚಿಪ್ಪಿನೊಳಗಿರುವ ಭಾಗಗಳು ಮೂಕವಾಗಿವೆ. ಅವು ಎಲ್ಲಿವೆ, ಎಷ್ಟಿವೆ ಎಂದು ಕರ್ನಲ್ ಕೇಳಿ ತಿಳಿಯುವಂತಿಲ್ಲ. ತಪ್ಪು ವಿಳಾಸದ ಬಾಗಿಲು ತಟ್ಟಿದರೆ ಕೆಲವೊಮ್ಮೆ ಇಡೀ ಯಂತ್ರವೇ ಸ್ತಬ್ಧವಾಗುತ್ತದೆ. ಆದ್ದರಿಂದ ಯಾರಾದರೂ ಮುಂಚಿತವಾಗಿ ಬರೆದು ತಿಳಿಸಲೇಬೇಕು. ಹಾಗೆ ಬರೆದ ವಿವರಣೆಗೆ ಡಿವೈಸ್ ಟ್ರೀ, ಎಂದರೆ ಸಾಧನ ವೃಕ್ಷ, ಎಂದು ಹೆಸರು. ಬೇರಿನಿಂದ ಕೊಂಬೆ, ಕೊಂಬೆಯಿಂದ ಎಲೆ ಎಂಬಂತೆ ಯಾವ ಭಾಗ ಯಾವುದಕ್ಕೆ ಅಂಟಿಕೊಂಡಿದೆ ಎಂಬುದನ್ನು ಅದು ತೋರಿಸುತ್ತದೆ.

ಪಹಣಿಯ ಹೋಲಿಕೆ

ರೈತರಿಗೆ ಇದು ಸುಲಭವಾಗಿ ಅರ್ಥವಾಗುವ ಸಂಗತಿ. ನಮ್ಮ ಪಹಣಿಯಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಬೆಳೆ ಇರುವಂತೆ ಸಾಧನ ವೃಕ್ಷದಲ್ಲೂ ಅಂಕಣಗಳಿವೆ. 'ಕಂಪ್ಯಾಟಿಬಲ್' ಎಂಬ ಸಾಲು ಇದು ಯಾವ ಜಾತಿಯ ಭಾಗ ಎನ್ನುತ್ತದೆ. ಅದನ್ನೋದಿ ಕರ್ನಲ್ ತಕ್ಕ ಚಾಲಕ ತಂತ್ರಾಂಶವನ್ನು ಆರಿಸುತ್ತದೆ. 'ರೆಗ್' ಎಂಬ ಸಾಲು ಭಾಗ ಎಲ್ಲಿಂದ ಆರಂಭವಾಗಿ ಎಷ್ಟು ಉದ್ದವಿದೆ ಎನ್ನುತ್ತದೆ. 'ಇಂಟರಪ್ಟ್ಸ್' ಎಂಬ ಸಾಲು ಕೆಲಸ ಬಂದಾಗ ಆ ಭಾಗ ಯಾವ ಗಂಟೆ ಬಾರಿಸುತ್ತದೆ ಎನ್ನುತ್ತದೆ. 'ಸ್ಟೇಟಸ್' ಎಂಬ ಸಾಲು ಆ ಭಾಗ ಬಳಕೆಯಲ್ಲಿದೆಯೋ ಬೀಳುಬಿದ್ದಿದೆಯೋ ಎನ್ನುತ್ತದೆ.

ಒಂದು ಉದಾಹರಣೆ ನೋಡೋಣ. ಅಥೆರಾಸ್ ಚಿಪ್ಪುಗಳ ಒಂದು ದೊಡ್ಡ ಕುಟುಂಬದ ವಿವರಣೆಯಲ್ಲಿ ಮೊದಲನೆಯ ಈಥರ್‌ನೆಟ್ ಭಾಗದ ವಿಳಾಸ, ಹದಿನಾರರ ಎಣಿಕೆಯಲ್ಲಿ, 19000000. ಅದರ ಉದ್ದ 512 ಬೈಟು. ಅದರ ಗಂಟೆಯ ಸಂಖ್ಯೆ 4. ಇಷ್ಟನ್ನು ಒಮ್ಮೆ ಬರೆದಿಟ್ಟರೆ ಆ ಕುಟುಂಬದ ರೂಟರುಗಳೆಲ್ಲ ಅದೇ ಪುಟವನ್ನು ಹಂಚಿಕೊಳ್ಳಬಹುದು. ಪ್ರತಿಯೊಂದು ಮಾದರಿಗೂ ಅದರದೇ ದೀಪ, ಗುಂಡಿ, ಕಿಂಡಿಗಳ ವಿವರವನ್ನಷ್ಟೇ ಸೇರಿಸಿದರೆ ಸಾಕು. ಈ ಬರಹವನ್ನು ಯಂತ್ರ ಓದುವ ರೂಪಕ್ಕೆ ತಂದು ಕರ್ನಲ್ಲಿಗೆ ಅಂಟಿಸಲಾಗುತ್ತದೆ, ಇಲ್ಲವೇ ಬೂಟ್‌ಲೋಡರಿನ ಮೂಲಕ ಒಪ್ಪಿಸಲಾಗುತ್ತದೆ.

ಬಂದ ದಾರಿ

ಈ ಪದ್ಧತಿಯ ಮೂಲ 1994ರಲ್ಲಿ ಮಾನಕವಾದ ಓಪನ್ ಫರ್ಮ್‌ವೇರ್‌ನಲ್ಲಿದೆ. ಆದರೂ ಬಹುಕಾಲ ಎಆರ್‌ಎಂ ಮುಂತಾದ ಚಿಪ್ಪುಗಳ ಯಂತ್ರಗಳ ವಿವರವನ್ನು ಕರ್ನಲ್ಲಿನ ಒಡಲಲ್ಲೇ, ಮಾದರಿಗೊಂದು ಕಡತದಂತೆ, ಪ್ರೋಗ್ರಾಮಾಗಿ ಬರೆಯಲಾಗುತ್ತಿತ್ತು. ಒಂದೇ ಮಾತು ಬೇರೆ ಬೇರೆ ಕಡತಗಳಲ್ಲಿ ಮತ್ತೆ ಮತ್ತೆ ಬರುತ್ತಿತ್ತು. 2011ರಲ್ಲಿ ಎಆರ್‌ಎಂ ಭಾಗದ ಈ ಗೊಂದಲವನ್ನು ಟೋರ್ವಾಲ್ಡ್ಸ್ ಕಟುವಾಗಿ ಟೀಕಿಸಿದ ಮೇಲೆ ಸಾಧನ ವೃಕ್ಷದ ಕಡೆಗೆ ಹೊರಳುವ ಕೆಲಸ ವೇಗ ಪಡೆಯಿತು.

ರೂಟರುಗಳ ಲೋಕದಲ್ಲಿ 2003ರ ಸುಮಾರಿಗೆ ಇನ್ನೊಂದು ಘಟನೆ ನಡೆದಿತ್ತು. ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ಎಂಬ ರೂಟರಿನಲ್ಲಿ ಲಿನಕ್ಸ್ ಇದ್ದುದರಿಂದ, ಪರವಾನಗಿಯ ನಿಯಮದಂತೆ ಅದರ ಆಕರ ಸಂಕೇತವನ್ನು ಬಿಡುಗಡೆ ಮಾಡಬೇಕಾಯಿತು. ಅದರಿಂದ 2004ರಲ್ಲಿ ಹುಟ್ಟಿದ ಸ್ವಯಂಸೇವಕರ ಯೋಜನೆಯೇ ಓಪನ್‌ಡಬ್ಲ್ಯುಆರ್‌ಟಿ. ತಯಾರಕರು ಕೈಬಿಟ್ಟ ಅನೇಕ ರೂಟರುಗಳಿಗೆ ಅದು ಹೊಸ ತಂತ್ರಾಂಶ ಒದಗಿಸಿದೆ. ಹಳೆಯ ಅಥೆರಾಸ್ ಕಡತಗಳನ್ನು ಸಾಧನ ವೃಕ್ಷಕ್ಕೆ ವರ್ಗಾಯಿಸುವ ಕೆಲಸವನ್ನೂ ಅದರ ಸ್ವಯಂಸೇವಕರೇ ಮಾಡಿದರು. 2020ರ ಜನವರಿಯಲ್ಲಿ ಬಂದ 19.07ನೆಯ ಆವೃತ್ತಿಯಲ್ಲಿ ಹಳೆಯದೂ ಹೊಸದೂ ಎರಡೂ ಇದ್ದವು, ಆಮೇಲಿನ ಆವೃತ್ತಿಗಳಲ್ಲಿ ಹೊಸದು ಮಾತ್ರ ಉಳಿಯಿತು. ಯಾರೂ ವರ್ಗಾಯಿಸದ ಮಾದರಿಗಳು ಹಿಂದೆಯೇ ಉಳಿದವು. ಪಹಣಿಯಲ್ಲಿ ಹೆಸರು ಏರದವನ ಪಾಡು ನಮಗೆ ತಿಳಿದದ್ದೇ.

ಸಿಡಿಲು ಬಡಿದ ಕಿಂಡಿ

ಈಗ ನಮ್ಮ ಅಟ್ಟದ ರೂಟರಿಗೆ ಬರೋಣ. ಸಿಡಿಲಿನ ಹೊಡೆತ ಸಾಮಾನ್ಯವಾಗಿ ಹೊರಗಿನ ತಂತಿಯ ಮೂಲಕ ಬರುವುದರಿಂದ ಆ ಕಿಂಡಿಯೇ ಮೊದಲು ಸುಡುತ್ತದೆ. ವಿವರಣೆಯಲ್ಲಿ ಸ್ವಿಚ್ಚಿನ ಕಿಂಡಿಗಳನ್ನು ಬೇರೆ ಬೇರೆಯಾಗಿ ಹೆಸರಿಸಿದ್ದರೆ, ಉಳಿದ ಕಿಂಡಿಗಳಲ್ಲಿ ಒಂದನ್ನು ಹೊರಗಿನ ತಂತಿಗೆ ಮೀಸಲಿಡುವಂತೆ ವ್ಯವಸ್ಥೆಯನ್ನು ಬದಲಿಸಬಹುದು. ಬೆಸುಗೆ ಬೇಡ, ಬಿಡಿಭಾಗ ಬೇಡ. ತಯಾರಕರ ಮೂಲ ತಂತ್ರಾಂಶದಲ್ಲಿ ಹಲವೊಮ್ಮೆ ಈ ಅವಕಾಶ ಇರುವುದಿಲ್ಲ.

ವಿದ್ಯಾರ್ಥಿಗಳಿಗೆ ಎರಡು ಎಚ್ಚರಿಕೆಯ ಮಾತು. ಮೊದಲನೆಯದು: ಅಥೆರಾಸ್ ರೂಟರುಗಳ ಫ್ಲ್ಯಾಶ್ ಸ್ಮೃತಿಯ ತುದಿಯಲ್ಲಿ, ಆರ್ಚರ್ ಸಿ7ರಂಥ ಮಾದರಿಗಳಲ್ಲಿ, 'ಆರ್ಟ್' ಎಂಬ 64 ಕಿಲೋಬೈಟಿನ ವಿಭಾಗವಿದೆ. ಆ ಒಂದು ಪೆಟ್ಟಿಗೆಯ ರೇಡಿಯೊಗೆ ಕಾರ್ಖಾನೆಯಲ್ಲಿ ಅಳೆದು ಬರೆದ ಹೊಂದಾಣಿಕೆಯ ಅಂಕಿಗಳು ಅಲ್ಲಿರುತ್ತವೆ. ಸಾಧನ ವೃಕ್ಷ ಅದನ್ನು ಓದಲು ಮಾತ್ರ ಎಂದು ಗುರುತಿಸುತ್ತದೆ. ಅದನ್ನು ಅಳಿಸಿದರೆ ಬೇರೆ ಪೆಟ್ಟಿಗೆಯ ಅಂಕಿಗಳಿಂದ ಸರಿತುಂಬಲು ಬಾರದು. ಮೊದಲು ಪ್ರತಿ ತೆಗೆದಿಡಿ, ಆಮೇಲೆ ಕೈಹಾಕಿ.

ಎರಡನೆಯದು: ಹೆಸರನ್ನು ನಂಬಬೇಡಿ, ಅಡಿಯ ಚೀಟಿಯಲ್ಲಿರುವ ಆವೃತ್ತಿಯನ್ನು ನೋಡಿ. ಟಿಪಿ-ಲಿಂಕ್ ಡಬ್ಲ್ಯುಆರ್841ಎನ್ ಮಾದರಿಯ 12ನೆಯ ಆವೃತ್ತಿಯಲ್ಲಿ ಕ್ವಾಲ್ಕಾಮ್ ಚಿಪ್ಪಿದ್ದರೆ 13ನೆಯದರಲ್ಲಿ ಮೀಡಿಯಾಟೆಕ್ ಚಿಪ್ಪಿದೆ. ಹೊರಗಿನ ಹೆಸರು ಒಂದೇ, ಒಳಗಿನ ಪಹಣಿ ಪೂರ್ತಿ ಬೇರೆ.

ಎಲ್ಲವನ್ನೂ ಉಳಿಸಬಹುದೆಂಬ ಆಸೆಯನ್ನು ನಾನು ಹುಟ್ಟಿಸಲಾರೆ. ಅದೇ 12ನೆಯ ಆವೃತ್ತಿಯಂತೆ 4 ಮೆಗಾಬೈಟು ಫ್ಲ್ಯಾಶ್, 32 ಮೆಗಾಬೈಟು ಸ್ಮೃತಿ ಇರುವ ಯಂತ್ರಗಳಿಗೆ 19.07ರ ನಂತರದ ಓಪನ್‌ಡಬ್ಲ್ಯುಆರ್‌ಟಿ ಆವೃತ್ತಿಗಳು ಸಿದ್ಧವಾಗಿ ಸಿಗಲಿಲ್ಲ. ಅಂಥವನ್ನು ಇ-ತ್ಯಾಜ್ಯವೆಂದೇ ತಿಳಿದು ಅಧಿಕೃತ ಸಂಗ್ರಾಹಕರಿಗೆ ಒಪ್ಪಿಸಬೇಕು. ಹಿತ್ತಿಲಲ್ಲಿ ಸುಡುವುದು ಮಾತ್ರ ಸಲ್ಲದು. ಅದರ ವಿಷ ಬಾವಿಯ ನೀರಿಗೇ ಇಳಿಯುತ್ತದೆ.

ನಮ್ಮ ಪಾಲಿನ ಕೆಲಸ

1981ರಲ್ಲಿ ಶಿರಸಿಯಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯ ಲಾಭನಷ್ಟದ ಲೆಕ್ಕವನ್ನು ತಜ್ಞರೂ ರೈತರೂ ಒಟ್ಟಿಗೆ ಕುಳಿತು ಪರಿಶೀಲಿಸಿದರು. ಲೆಕ್ಕದ ಪುಸ್ತಕ ತೆರೆದುದರಿಂದಲೇ ಅಂದಿನ ವಾದಕ್ಕೆ ಬಲ ಬಂತು. 1983ರಲ್ಲಿ ಸಾಲ್ಕಣಿಯಲ್ಲಿ ಅಪ್ಪಿಕೋ ಆರಂಭಿಸಿದ ಜನ ತಮ್ಮ ಕಾಡಿನ ಮರಗಳನ್ನು ಹೆಸರು ಹಿಡಿದು ಬಲ್ಲವರು. ತಿಳಿಯದ ವಸ್ತುವನ್ನು ಕಾಪಾಡಲಾಗದು ಎಂಬ ಪಾಠ ಈ ಸೀಮೆಗೆ ಹೊಸದಲ್ಲ. ನಮ್ಮ ಮನೆ ಸೇರಿರುವ ಯಂತ್ರಗಳಿಗೂ ಅದು ಅನ್ವಯಿಸುತ್ತದೆ.

ಬೇರೆಡೆ ಜನ ಇದನ್ನು ಮಾಡಿ ತೋರಿಸಿದ್ದಾರೆ. ಅರ್ಜೆಂಟೀನಾದ ಕೊರ್ಡೋಬಾ ಪ್ರಾಂತದ ಗುಡ್ಡಗಾಡಿನ ಹಳ್ಳಿಗಳಲ್ಲಿ ಆಲ್ಟರ್‌ಮುಂಡಿ ಸಂಘಟನೆ ಸಮುದಾಯದ ಜಾಲ ಕಟ್ಟಿತು; ಮುಂದೆ ತನ್ನದೇ ಮುಕ್ತ ರೂಟರನ್ನೂ ರೂಪಿಸಿತು. ನಮ್ಮ ರಾಜ್ಯದಲ್ಲೇ ತುಮಕೂರಿನ ದೇವರಾಯನದುರ್ಗದ ಆಸುಪಾಸಿನಲ್ಲಿ ಜನಸ್ತು ಸಂಸ್ಥೆ ಹಳ್ಳಿಗರೊಡನೆ ಅಂಥ ವೈಫೈ ಜಾಲ ಕಟ್ಟಿದೆ.

ನಾವು ಚಿಕ್ಕದಾಗಿ ಆರಂಭಿಸೋಣ. ವಿದ್ಯಾರ್ಥಿಗಳು ತಮ್ಮ ಊರಿನ ಮನೆಗಳಲ್ಲಿ ಮೂಲೆಗೆ ಸೇರಿದ ರೂಟರುಗಳ ಮಾದರಿ, ಆವೃತ್ತಿ, ಏನು ಕೆಟ್ಟಿದೆ ಎಂಬುದನ್ನು ಒಂದು ವಹಿಯಲ್ಲಿ ಬರೆಯಲಿ. ಸಾಧನ ವೃಕ್ಷ ಈಗಾಗಲೇ ಇರುವವುಗಳನ್ನು ಬೇರ್ಪಡಿಸಿ ದುರಸ್ತಿಗೆ ಎತ್ತಿಕೊಳ್ಳೋಣ. ಇಲ್ಲದ ಮಾದರಿಗೆ ಯಾರಾದರೂ ಬರೆದರೆ ಅದನ್ನು ಎಲ್ಲರಿಗೂ ತೆರೆದಿಡೋಣ. ಯಲ್ಲಾಪುರದಲ್ಲೋ ಸಿದ್ದಾಪುರದಲ್ಲೋ ಒಬ್ಬರು ಬರೆದ ಪುಟ ದೂರದ ದೇಶದ ಇನ್ನೊಂದು ಬೆಟ್ಟದ ಹಳ್ಳಿಗೂ ಉಪಯೋಗಕ್ಕೆ ಬರುತ್ತದೆ. ಕಲಿಯುವ ಆಸೆಯುಳ್ಳವರು ಯಾವುದಾದರೂ ರಾಸ್ಪ್‌ಬೆರಿ ಪೈ ಗಣಕದಲ್ಲಿ 'ಪ್ರೊಕ್' ಕಡತಕೋಶದೊಳಗಿನ 'ಡಿವೈಸ್-ಟ್ರೀ'ಯನ್ನು ತೆರೆದು ನೋಡಬಹುದು. ಇಡೀ ಯಂತ್ರದ ವೃಕ್ಷ ಅಲ್ಲಿ ಕೊಂಬೆ ಕೊಂಬೆಯಾಗಿ ಕಾಣುತ್ತದೆ.

ಈ ಮಳೆಗಾಲ ಕಳೆದ ಮೇಲೆ ಆ ವಹಿಗಳೊಂದಿಗೆ ಮತ್ತೆ ಇಲ್ಲಿ ಸೇರೋಣ.