ತೂಕ, ನಾಲಿಗೆ ಮತ್ತು ನಿದ್ರೆ

ನಮ್ಮ ಮನೆ ಇರುವುದು ಜಾಲಹಳ್ಳಿಯಲ್ಲಿ. 1950ರ ದಶಕದಲ್ಲಿ ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು ಬಂದ ಮೇಲೆ ಈ ಊರು ಗಡಿಯಾರ ನೋಡಿ ಏಳುವುದನ್ನು ಕಲಿಯಿತು. ಬೆಳಗಿನ ಬಸ್ಸು ಹಿಡಿಯುವವರು ಯಾರೇ ಇರಲಿ, ಅವರಿಗೆ ಬುತ್ತಿ ಕಟ್ಟುವಾಕೆ ಎರಡು ಗಂಟೆ ಮೊದಲೇ ಏಳಬೇಕು. ರಾತ್ರಿ ಪಾತ್ರೆ ತೊಳೆದು ಕೊನೆಯ ದೀಪ ಆರಿಸುವವಳೂ ಆಕೆಯೇ.

ಇಂಥ ಗೃಹಿಣಿ ತೂಕ ಇಳಿಸಲು ಹೊರಟಾಗ ಏನು ಮಾಡುತ್ತಾಳೆ? ಅನ್ನ ಕಡಿಮೆ ಮಾಡುತ್ತಾಳೆ. ವಾಕಿಂಗ್‌ಗೆಂದು ಇನ್ನೂ ಅರ್ಧ ಗಂಟೆ ಮುಂಚೆ ಏಳುತ್ತಾಳೆ. ಲೆಕ್ಕ ತಪ್ಪುವುದು ಇಲ್ಲಿಯೇ.

ನಮ್ಮ ರಕ್ತದಲ್ಲಿ ‘ಸಾಕು’ ಎನ್ನುವ ಲೆಪ್ಟಿನ್, ‘ಬೇಕು’ ಎನ್ನುವ ಗ್ರೆಲಿನ್ ಎಂಬ ಎರಡು ಹಾರ್ಮೋನುಗಳಿವೆ. 2004ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ 12 ಯುವಕರಿಗೆ ಎರಡು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟರು. ಚೆನ್ನಾಗಿ ನಿದ್ರಿಸಿದ ದಿನಗಳಿಗೆ ಹೋಲಿಸಿದರೆ ಲೆಪ್ಟಿನ್ ಶೇಕಡಾ 18ರಷ್ಟು ಕಡಿಮೆ, ಗ್ರೆಲಿನ್ ಶೇಕಡಾ 28ರಷ್ಟು ಹೆಚ್ಚು! ಸಿಹಿ ಮತ್ತು ಉಪ್ಪಿನ ತಿಂಡಿಗಳ ಆಸೆಯೂ ಏರಿತ್ತು. ಮಹಿಳೆಯರ ವಿಷಯವೇನು? ಅಮೆರಿಕದ 68 ಸಾವಿರ ದಾದಿಯರನ್ನು 16 ವರ್ಷ ಗಮನಿಸಿದಾಗ, ಐದು ಗಂಟೆ ಅಥವಾ ಅದಕ್ಕೂ ಕಡಿಮೆ ಮಲಗುವವರ ತೂಕ, ಏಳು ಗಂಟೆ ಮಲಗುವವರಿಗಿಂತ ಹೆಚ್ಚು ಏರಿತ್ತು.

ಇನ್ನೊಂದು ಪ್ರಯೋಗ 2010ರದು. ಪಥ್ಯದಲ್ಲಿದ್ದ ಹತ್ತು ಮಂದಿ ಎರಡು ವಾರ ಎಂಟೂವರೆ ಗಂಟೆ, ಮತ್ತೆರಡು ವಾರ ಐದೂವರೆ ಗಂಟೆ ಹಾಸಿಗೆಯಲ್ಲಿದ್ದರು. ಎರಡು ಸಲವೂ ಇಳಿದ ತೂಕ ಸುಮಾರು ಮೂರು ಕಿಲೋ. ಆದರೆ ಕರಗಿದ ಕೊಬ್ಬು ಮೊದಲನೆಯದರಲ್ಲಿ 1.4 ಕಿಲೋ, ಎರಡನೆಯದರಲ್ಲಿ ಕೇವಲ 0.6 ಕಿಲೋ. ನಿದ್ರೆಗೆಟ್ಟವರಲ್ಲಿ ಸವೆದದ್ದು ಹೆಚ್ಚಾಗಿ ಮಾಂಸಖಂಡದಂಥ ಕೊಬ್ಬಲ್ಲದ ಭಾಗ. ತಕ್ಕಡಿ ಈ ಭೇದವನ್ನು ಹೇಳುವುದಿಲ್ಲ.

ರಾತ್ರಿ ಸಂಕಲನದ ಕೆಲಸ ಮುಗಿಸಿದ ಮರುದಿನ ನನ್ನ ಕಾಫಿಗೂ ಒಂದು ಚಮಚ ಸಕ್ಕರೆ ಹೆಚ್ಚು ಬೇಕಾಗುತ್ತಿತ್ತು. ನಾಲಿಗೆಯ ಚಪಲವೆಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಅದು ದಣಿದ ಮೈಯ ಬೇಡಿಕೆಯೂ ಆಗಿತ್ತು. ನಾಲಿಗೆ ಅಭ್ಯಾಸಕ್ಕೆ ಬಗ್ಗುತ್ತದೆ. ಸಕ್ಕರೆಯನ್ನು ಸ್ವಲ್ಪಸ್ವಲ್ಪವೇ ಇಳಿಸಿದರೆ, ಎರಡು ಮೂರು ತಿಂಗಳಲ್ಲಿ ಹಿಂದಿನ ಸಿಹಿಯೇ ಅತಿಯೆನಿಸುತ್ತದೆ. ಆದರೆ ನಿದ್ರೆಯಿಲ್ಲದ ನಾಲಿಗೆಗೆ ಈ ಪಾಠ ಕಷ್ಟ.

ಹಾಗೆಂದು ಮಲಗಿದರೆ ಸಾಕು, ತೂಕ ಇಳಿಯುತ್ತದೆ ಎಂದಲ್ಲ. ಹಿತಮಿತ ಊಟ, ನಡಿಗೆ ಎರಡೂ ಬೇಕು. ಕಾರಣವಿಲ್ಲದೆ ತೂಕ ಏರಿದರೆ, ಗೊರಕೆ ಹೆಚ್ಚಾದರೆ ವೈದ್ಯರನ್ನು ಕಾಣಿ. ಥೈರಾಯಿಡ್ ದೋಷವೋ ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆಯೋ ಇರಬಹುದು.

ಕೊನೆಯ ಮಾತು ಮನೆಯವರಿಗೆ. ಅವಳ ತಟ್ಟೆಯ ಅನ್ನವನ್ನು ಎಣಿಸುವ ಮೊದಲು ಅವಳ ನಿದ್ರೆಯ ಗಂಟೆಗಳನ್ನು ಎಣಿಸಿ. ಇಂದು ರಾತ್ರಿಯ ಪಾತ್ರೆಗಳನ್ನು ನೀವೇ ತೊಳೆಯಿರಿ.