ಕರಿನೀರಿಗೆ ಹೋದವರ ಕಥೆ

ನಮ್ಮೂರು ಚಿಕ್ಕೇರೂರು. ಚಿಕ್ಕವರಿದ್ದಾಗ ಯಾರದ್ದೋ ತೋಟದಲ್ಲಿ ಮಾವಿನಕಾಯಿ ಕದ್ದು ಸಿಕ್ಕಿಬಿದ್ದರೆ ಅಜ್ಜಿ ಒಂದೇ ಮಾತು ಹೇಳೋರು: "ಕರಿನೀರಿಗೆ ಕಳಸ್ತಾರ ನೋಡಲೇ, ತಿರುಗಿ ಬರಂಗಿಲ್ಲ." ಕರಿನೀರು ಅಂದ್ರೆ ಯಾವುದೋ ಹಾಳುಬಾವಿ ಅಂದುಕೊಂಡಿದ್ದೆ. ಅದು ಸಮುದ್ರ ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ.

ಅಜ್ಜಿ ಹೇಳಿದ್ದು ಬರೀ ಹೆದರಿಕೆ ಮಾತಲ್ಲ, ಕಾನೂನೇ ಹಾಗಿತ್ತು. 1843ರ ಕಾಯ್ದೆ ಪ್ರಕಾರ ದರೋಡೆ ಗುಂಪಿಗೆ ಸೇರಿದವನು ಅಂತ ಸಾಬೀತಾದ್ರೆ ಸಾಕು, ಜೀವನಪರ್ಯಂತ ಸಮುದ್ರದಾಚೆ ಅಟ್ಟಬಹುದಿತ್ತು. ಮೊದಲು ಸಿಂಗಪುರ, 1858ರಿಂದ ಅಂಡಮಾನ್. ಈ ಶಿಕ್ಷೆ ನಮ್ಮ ಕಾನೂನು ಪುಸ್ತಕದಿಂದ ಹೋಗಿದ್ದು ಯಾವಾಗ ಗೊತ್ತಾ? 1956ರ ಜನವರಿ 1ಕ್ಕೆ. ಸ್ವಾತಂತ್ರ್ಯ ಬಂದು ಎಂಟು ವರ್ಷ ಕಳೆದ ಮೇಲೆ!

ಹೀಗೆ ಹೋದ ಒಬ್ಬನ ಕಥೆ ಹೇಳ್ತೀನಿ. 1879ರ ಜುಲೈ ತಿಂಗಳು. ಆಗಿನ ಕಲಾದಗಿ ಜಿಲ್ಲೆ, ಈಗಿನ ವಿಜಯಪುರ ಜಿಲ್ಲೆಯ ದೇವರ ನಾವದಗಿ. ಊರಿನ ಗುಡಿಯಲ್ಲಿ ಒಬ್ಬ ಜ್ವರದಿಂದ ಬಳಲಿ ಮಲಗಿದ್ದ. ಬೆನ್ನಟ್ಟಿ ಬಂದ ಮೇಜರ್ ಡ್ಯಾನಿಯಲ್ ಪಡೆ ಅಲ್ಲೇ ಹಿಡೀತು. ಆತನ ತಲೆಗೆ ಸರ್ಕಾರ ಬಹುಮಾನ ಕಟ್ಟಿತ್ತು. ಆರೋಪ ಏನು? ರಾಜದ್ರೋಹ ಮತ್ತು ದರೋಡೆ. ಪುಣೆಯಲ್ಲಿ ವಿಚಾರಣೆ ಆಯ್ತು. ಜೀವಾವಧಿ ಗಡಿಪಾರು ಅಂತ ತೀರ್ಪು ಬಂತು. 1880ರಲ್ಲಿ ಆತನನ್ನ ಹಡಗು ಹತ್ತಿಸಿ ಏಡನ್‌ಗೆ ಒಯ್ದರು. ಇವತ್ತಿನ ಯೆಮನ್ ದೇಶದ ಬಂದರು ಅದು. ಅಲ್ಲಿ ಸೆರೆಮನೆಯ ಬಾಗಿಲನ್ನೇ ಕಿತ್ತು ಓಡಿದ, ಮತ್ತೆ ಸಿಕ್ಕಿಬಿದ್ದ. 1883ರ ಫೆಬ್ರವರಿ 17ರಂದು ಅಲ್ಲೇ ಸತ್ತ. ವಯಸ್ಸು 37.

ಹೆಸರು ವಾಸುದೇವ ಬಲವಂತ ಫಡ್ಕೆ.

ಗಮನಿಸಿದ್ರಾ? ಇಷ್ಟೊತ್ತು ನಾನು "ಆತ, ಹಿಡೀತು, ಸತ್ತ" ಅಂತಿದ್ದೆ. ಹೆಸರು ಹೇಳಿದ ಕೂಡಲೇ ನೀವು ಮನಸ್ಸಿನಲ್ಲೇ "ಅವರು" ಅಂದಿರಿ. ಪುಣೆಯ ಮಿಲಿಟರಿ ಲೆಕ್ಕಪತ್ರ ಕಚೇರಿಯ ಗುಮಾಸ್ತರು ಅವರು. 1876ರ ಬರಗಾಲದಲ್ಲಿ ಜನ ಹಸಿದು ಸಾಯೋದನ್ನ ನೋಡಿ ರಾಮೋಶಿಗಳ ಪಡೆ ಕಟ್ಟಿದರು. ಬಂಡಾಯಕ್ಕೆ ಹಣ ಬೇಕಿತ್ತು, ಸಾಹುಕಾರರ ಮನೆ ಲೂಟಿ ಮಾಡಿದರು. ಲೂಟಿಯಾದ ಮನೆಯವರ ನೋವೂ ಸುಳ್ಳಲ್ಲ, ಅದನ್ನೂ ಹೇಳಲೇಬೇಕು. ಆದರೆ 1984ರಲ್ಲಿ ಇದೇ "ದರೋಡೆಕೋರ"ನ ಚಿತ್ರ ಭಾರತದ ಅಂಚೆಚೀಟಿ ಮೇಲೆ ಬಂತು.

ಫಡ್ಕೆ ಕಥೆ ನಮಗೆ ಸಿಕ್ಕಿದ್ದು ಹೇಗೆ? ಅವರಿಗೆ ಅಕ್ಷರ ಬರ್ತಿತ್ತು. ತಮ್ಮ ಕಥೆ ತಾವೇ ಬರೆದಿಟ್ಟರು. ಕೋರ್ಟಿನಲ್ಲಿ ಅದೇ ಬರಹ ಅವರ ವಿರುದ್ಧ ಸಾಕ್ಷಿ ಆಯ್ತು, ಆ ಮಾತು ಬೇರೆ. ಆದರೆ ಅವರ ಜೊತೆ ಕತ್ತಿ ಹಿಡಿದ ರಾಮೋಶಿಗಳು? ಬಹುತೇಕರಿಗೆ ಓದು ಬರಹ ಇರಲಿಲ್ಲ. ಅವರ ಬಗ್ಗೆ ಉಳಿದಿದ್ದು ಹೆಚ್ಚಾಗಿ ಬೇರೆಯವರು ಬರೆದಿದ್ದು. ಆಗ ನಮ್ಮ ಚಿಕ್ಕೇರೂರು ಕೂಡ ಅದೇ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಈ ಸೀಮೆಯಿಂದ ಹಡಗು ಹತ್ತಿದ ಬಡವ ಯಾಕೆ ಕದ್ದ, ಅವನ ಹೆಂಡತಿ ಮಕ್ಕಳು ಎಷ್ಟು ವರ್ಷ ದಾರಿ ಕಾದರು ಅಂತ ಬರೆಯೋಕೆ ಯಾರಿದ್ದರು?

ಈಗ ನನ್ನ ಕಡೆಯೇ ಬೆರಳು ತೋರಿಸ್ಕೋತೀನಿ. ಬೆಳಿಗ್ಗೆ ಒಬ್ಬ ಸಿಕ್ಕಿಬಿದ್ದರೆ ಸಾಕು, ಮಧ್ಯಾಹ್ನದೊಳಗೆ "ಖತರ್ನಾಕ್ ದರೋಡೆಕೋರ ಅಂದರ್" ಅಂತ ನಾವೇ ಪಟ್ಟಿ ಓಡಿಸ್ತೀವಿ. ನಾನೂ ಓದಿದೀನಿ, ಗಂಟಲು ಏರಿಸಿ ಓದಿದೀನಿ. ನಾಲ್ಕು ವರ್ಷ ಆದಮೇಲೆ ಆತ ನಿರ್ದೋಷಿ ಅಂತ ಬಿಡುಗಡೆಯಾದ್ರೆ? ಅದಕ್ಕೆ ನಮ್ಮಲ್ಲಿ ಅರ್ಧ ನಿಮಿಷವೂ ಇರಲ್ಲ. ಊರಿನವರ ಪಾಲಿಗೆ ಆತ ಕೊನೇತನಕ ದರೋಡೆಕೋರನೇ. ಹಡಗು ಬೇಕಿಲ್ಲ, ಸಮುದ್ರ ಬೇಕಿಲ್ಲ, ಮನೆಯಲ್ಲೇ ಕರಿನೀರು.

ತಪ್ಪು ಮಾಡಿದವರನ್ನ ಬಿಡಿ ಅಂತ ನಾನು ಹೇಳ್ತಿಲ್ಲ. ಬಂಧನದ ಸುದ್ದಿ ಹಾಕಿದವರು ತೀರ್ಪಿನ ಸುದ್ದಿಯನ್ನೂ ಹಾಕಬೇಕು, ಅಷ್ಟೇ. ಹಾಕದಿದ್ದರೆ ನೀವು ಕೇಳಿ. ನನ್ನನ್ನೂ ಕೇಳಿ.