ಬಿಡದೆ ಕಾಡುವ ಸುಸ್ತು



ಸುಗ್ಗಿಯ ಕಾಲದಲ್ಲಿ ಮೈಕೈ ಸೋಲುವುದು ಸಹಜ. ಒಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರೆ ಆ ದಣಿವು ಇಳಿಯುತ್ತದೆ. ಈ ಮಾತು ಅದನ್ನು ಕುರಿತದ್ದಲ್ಲ. ಬೆಳಿಗ್ಗೆ ಏಳುವಾಗಲೇ ಕಾಲು ಭಾರವಾಗಿರುವುದು, ಒಂದು ಕೊಡ ನೀರು ತರುವಷ್ಟರಲ್ಲಿ ಏದುಸಿರು ಬರುವುದು, ಕಳೆ ಕೀಳಲು ಬಾಗಿ ಎದ್ದರೆ ಕಣ್ಣು ಕತ್ತಲೆ ಬರುವುದು, ಇವು ವಾರಗಟ್ಟಲೆ ಮುಂದುವರಿದಲ್ಲಿ ಅದು ಕೇವಲ ಕೆಲಸದ ಆಯಾಸವೆಂದು ಸುಮ್ಮನಿರುವುದು ಸರಿಯಲ್ಲ. ಸೊಸೆಗೆ ಹೀಗಾದರೆ ಮೈಗಳ್ಳಿ ಎನ್ನುವುದುಂಟು. ಗಂಡಸಿಗಾದರೆ ಉಷ್ಣವೆಂದು ಎಳನೀರು ಕೊಡುವುದುಂಟು. ಎರಡರಿಂದಲೂ ಸುಸ್ತು ಹೋಗುವುದಿಲ್ಲ.

ಕಾರಣಗಳು ಹಲವಾದರೂ ಹಳ್ಳಿಗಳಲ್ಲಿ, ವಿಶೇಷವಾಗಿ ಹೆಂಗಸರಲ್ಲಿ, ಮೊದಲು ಸಂಶಯಪಡಬೇಕಾದುದು ರಕ್ತಹೀನತೆಯನ್ನು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ದೇಶದಾದ್ಯಂತ ಶೇಕಡಾ 57ರಷ್ಟು, ಕರ್ನಾಟಕದಲ್ಲಿ ಸುಮಾರು ಶೇಕಡಾ 48ರಷ್ಟು ಮಂದಿಗೆ ಈ ತೊಂದರೆಯಿತ್ತು. ರಕ್ತದಲ್ಲಿರುವ ಹಿಮೋಗ್ಲೋಬಿನ್ ಪ್ರಾಣವಾಯುವನ್ನು ದೇಹದ ಎಲ್ಲೆಡೆಗೂ ಹೊತ್ತೊಯ್ಯುತ್ತದೆ. 100 ಮಿಲಿಲೀಟರ್ ರಕ್ತದಲ್ಲಿ ಅದು ಹೆಂಗಸರಲ್ಲಿ 12, ಗಂಡಸರಲ್ಲಿ 13, ಗರ್ಭಿಣಿಯರಲ್ಲಿ 11 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ ಎನ್ನುತ್ತಾರೆ. ಹಿಮೋಗ್ಲೋಬಿನ್ ತಯಾರಾಗಲು ಕಬ್ಬಿಣದ ಅಂಶ ಬೇಕೇಬೇಕು.

ಸುಣ್ಣದ ಅಂಶ ಹೆಚ್ಚಿರುವ ಕಪ್ಪು ಭೂಮಿಯಲ್ಲಿ ನೆಲಗಡಲೆಯ ಎಳೆಯ ಎಲೆಗಳು ಹಳದಿಯಾಗುವುದನ್ನು ರೈತರು ಕಂಡಿದ್ದಾರೆ. ಮಣ್ಣಿನಲ್ಲಿ ಕಬ್ಬಿಣವಿರುತ್ತದೆ, ಗಿಡ ಅದನ್ನು ಹೀರಿಕೊಳ್ಳಲಾರದು. ಮನುಷ್ಯನ ಹೊಟ್ಟೆಯಲ್ಲೂ ಹೀಗೆಯೇ. ರಾಗಿ, ಹುರುಳಿ, ದಂಟಿನ ಸೊಪ್ಪುಗಳಲ್ಲಿ ಕಬ್ಬಿಣವಿದ್ದರೂ ಅವುಗಳಲ್ಲೇ ಇರುವ ಕೆಲವು ವಸ್ತುಗಳು ಅದನ್ನು ಬಿಗಿಹಿಡಿಯುತ್ತವೆ. ಊಟದ ಜೊತೆಗೇ ಟೀ, ಕಾಫಿ ಕುಡಿದರಂತೂ ದೇಹಕ್ಕೆ ದಕ್ಕುವುದು ಇನ್ನೂ ಕಡಿಮೆ. ಆದುದರಿಂದ ಊಟಕ್ಕೂ ಟೀಗೂ ಒಂದು ಗಂಟೆಯಾದರೂ ಅಂತರವಿರಲಿ. ಹುರುಳಿಯನ್ನು ಮೊಳಕೆ ಕಟ್ಟುವುದು, ರಾಗಿ ಅಂಬಲಿಯನ್ನು ಹುಳಿಬರಿಸುವುದು ಬರಿಯ ರುಚಿಗಾಗಿ ಬಂದ ಪದ್ಧತಿಗಳಲ್ಲ; ಅವು ಆ ಬಿಗಿತವನ್ನು ಸಡಿಲಿಸುತ್ತವೆ. ಸೊಪ್ಪಿನ ಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಬೇಕು, ಕುದಿಯುವಾಗಲ್ಲ. ನೆಲ್ಲಿಕಾಯಿ, ಸೀಬೆಹಣ್ಣು ಊಟದೊಡನೆ ಇದ್ದರೆ ಒಳ್ಳೆಯದು. ಮಾಂಸ, ಮೀನು ತಿನ್ನುವವರಿಗೆ ಅವುಗಳಲ್ಲಿನ ಕಬ್ಬಿಣ ಸುಲಭವಾಗಿ ದಕ್ಕುತ್ತದೆ. ಆದರೆ ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದ ಸಾರನ್ನಷ್ಟೇ ಮನೆಯೊಡತಿ ಬಡಿಸಿಕೊಳ್ಳುವ ಮನೆಯಲ್ಲಿ ಈ ಸಲಹೆಗಳಿಂದ ಹೆಚ್ಚಿನ ಪ್ರಯೋಜನವಾಗದು.

ಇನ್ನೊಂದು ಕಾರಣ ಕಾಲಕೆಳಗೇ ಇದೆ. ಬಯಲು ಮಲವಿಸರ್ಜನೆಯಿಂದ ಕೆಟ್ಟ ಒದ್ದೆ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿಗಳಿರುತ್ತವೆ. ಬರಿಗಾಲಿನ ಚರ್ಮವನ್ನು ಕೊರೆದು ಒಳಹೊಕ್ಕು, ಕೊನೆಗೆ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತವೆ. ಹುಳು ಹೋಗದೆ ಸೊಪ್ಪು ತಿನ್ನುವುದು ತೂತಿನ ಕೊಡಕ್ಕೆ ನೀರು ತುಂಬಿದಂತೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದಕ್ಕೆ ಮಾತ್ರೆ ದೊರೆಯುತ್ತದೆ. ಶೌಚಾಲಯದ ಬಳಕೆ, ಕಾಲಿಗೆ ಚಪ್ಪಲಿ ಇವು ಮುಂದಿನ ರಕ್ಷಣೆ.

ಸುಸ್ತಾದೊಡನೆ ಗ್ಲೂಕೋಸ್ ಬಾಟಲಿ ಹಾಕಿಸಿಕೊಳ್ಳುವ ಚಾಳಿಯ ಬಗ್ಗೆಯೂ ಹೇಳಬೇಕು. ಶೇಕಡಾ 5ರ ಅರ್ಧ ಲೀಟರ್ ಬಾಟಲಿಯಲ್ಲಿರುವುದು 25 ಗ್ರಾಂ ಗ್ಲೂಕೋಸ್, ಮಿಕ್ಕಿದ್ದು ನೀರು. ಒಂದು ಲೋಟ ಪಾನಕದಿಂದ ಆಗುವ ಕೆಲಸಕ್ಕೆ ಕೂಲಿಯ ಹಣ ಕೊಟ್ಟು ಸೂಜಿ ಚುಚ್ಚಿಸಿಕೊಳ್ಳಬೇಕಾಗಿಲ್ಲ. ರಕ್ತವಂತೂ ಅದರಿಂದ ಹೆಚ್ಚುವುದಿಲ್ಲ.

ಪ್ರಕೃತಿ ಚಿಕಿತ್ಸೆಯವರು ಆಹಾರ, ನಿದ್ದೆ, ನೀರು, ಶುದ್ಧ ಗಾಳಿಗಳಿಗೆ ಮೊದಲ ಸ್ಥಾನ ಕೊಡುವುದು ಯುಕ್ತವೇ. ರಾತ್ರಿ ಏಳೆಂಟು ಗಂಟೆ ನಿದ್ದೆಯಿಲ್ಲದವನಿಗೆ, ಬಿಸಿಲಿನಲ್ಲಿ ನೀರು ಕುಡಿಯದೆ ದುಡಿಯುವವನಿಗೆ ಬೇರೆ ಔಷಧ ಹುಡುಕುವ ಮೊದಲು ಅದನ್ನೇ ಸರಿಪಡಿಸಬೇಕು. ಆದರೆ ರಕ್ತ ಕಡಿಮೆಯಿರುವವರು, ಗರ್ಭಿಣಿಯರು ಉಪವಾಸ ಚಿಕಿತ್ಸೆಗೆ ಹೋಗಬಾರದು. ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬಾರದೆನ್ನುವ ರೈತ ತನ್ನ ರಕ್ತ ಪರೀಕ್ಷೆಗೆ ಹಿಂಜರಿಯುವುದೇಕೆ? ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ ಜೊತೆಗಿದ್ದರೆ ಕ್ಷಯ. ಅತಿ ಬಾಯಾರಿಕೆ, ಪದೇಪದೇ ಮೂತ್ರವಿದ್ದರೆ ಸಕ್ಕರೆ ಕಾಯಿಲೆ. ಚಳಿ ತಡೆಯದೆ ಮೈ ಊದುತ್ತಿದ್ದರೆ ಥೈರಾಯ್ಡ್ ತೊಂದರೆ ಇರಬಹುದು. ಕೀಟನಾಶಕ ಸಿಂಪಡಿಸಿದ ದಿನ ತಲೆನೋವು, ವಾಂತಿ, ಬೆವರಿನೊಡನೆ ನಿಶ್ಶಕ್ತಿ ಬಂದರೆ ಕಾಯುವಂತಿಲ್ಲ, ಡಬ್ಬಿಯ ಚೀಟಿ ಸಮೇತ ಆಸ್ಪತ್ರೆಗೆ ಕರೆದೊಯ್ಯಬೇಕು.

ಕಬ್ಬಿಣದ ಮಾತ್ರೆ ಕೊಟ್ಟರೆ ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸಬಹುದು. ಇದಕ್ಕೆ ಹೆದರಿ ವಾರದಲ್ಲೇ ನಿಲ್ಲಿಸುವವರು ಬಹಳ. ಹಿಮೋಗ್ಲೋಬಿನ್ ಸರಿಯಾದ ಮೇಲೂ ದೇಹದ ದಾಸ್ತಾನು ತುಂಬಲು ಇನ್ನೂ ಸುಮಾರು ಮೂರು ತಿಂಗಳು ನುಂಗಬೇಕಾಗುತ್ತದೆ. ಆ ಮಾತ್ರೆಯಲ್ಲಿರುವುದೂ ಸಾಮಾನ್ಯವಾಗಿ ಫೆರಸ್ ಸಲ್ಫೇಟ್, ಅಂದರೆ ಅನ್ನಭೇದಿಯೇ. ಹಾಗೆಂದು ಬೆಳೆಗೆ ಸಿಂಪಡಿಸಲು ತಂದ ಅನ್ನಭೇದಿಯನ್ನು ಯಾರೂ ಬಾಯಿಗೆ ಹಾಕಕೂಡದು. ಮಾತ್ರೆಗಳನ್ನು ಮಕ್ಕಳು ಮಿಠಾಯಿಯೆಂದು ತಿಂದರೆ ಪ್ರಾಣಾಪಾಯವುಂಟು. ಕೈಗೆಟುಕದ ನೆಲುವಿನ ಮೇಲೋ ಪೆಟ್ಟಿಗೆಯೊಳಗೋ ಇಡಬೇಕು.